ಇಪ್ಪತ್ತೊಂಬತ್ತು ಅಂಕಿಗಳಲ್ಲಿ ಮನುಷ್ಯಜನ್ಮ

ಮನುಷ್ಯಜನ್ಮ ದುರ್ಲಭವೆಂಬ ಮಾತನ್ನು ಕೇಳದ ಶ್ರಾವಕರಿಲ್ಲ. ಎಷ್ಟು ದುರ್ಲಭವೆಂದು ಲೆಕ್ಕವಿಟ್ಟು ನೋಡುವವರು ವಿರಳ. ಆ ಲೆಕ್ಕವನ್ನು ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿಯೇ ಕೊಟ್ಟಿದ್ದಾರೆ. ಶ್ರವಣಬೆಳಗೊಳದ ಬಾಹುಬಲಿಯನ್ನು ಕಡೆಯಿಸಿದ ಚಾವುಂಡರಾಯನಿಗಾಗಿ ಅವರು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ, ಶರೀರ, ಇಂದ್ರಿಯಾದಿ ಶಕ್ತಿಗಳು ಪೂರ್ಣಗೊಂಡ ಪರ್ಯಾಪ್ತ ಮನುಷ್ಯರ ಸಂಖ್ಯೆ 29 ಅಂಕಿಗಳಲ್ಲಿದೆ: 79228162514264337593543950336.

ಗಾಥೆಯಲ್ಲಿ ಈ ಅಂಕಿಗಳು ಅಕ್ಷರಗಳ ರೂಪದಲ್ಲಿವೆ. ಟಕಾರದಿಂದ ಎಣಿಸಿದರೆ ತಕಾರವು ಆರನೆಯದು, ಯಕಾರದಿಂದ ಎಣಿಸಿದರೆ ಲಕಾರವು ಮೂರನೆಯದು. ಆದ್ದರಿಂದ ತ ಎಂದರೆ 6, ಲ ಎಂದರೆ 3. ಗಾಥೆಯು ಬಿಡಿ ಸ್ಥಾನದಿಂದ ಆರಂಭವಾಗುವುದರಿಂದ ಸಂಖ್ಯೆಯ ಕೊನೆಯ ಅಂಕಿಯೇ ಅಲ್ಲಿ ಮೊದಲನೆಯದು.

ಈ ಸಂಖ್ಯೆಗೆ ವಿಶೇಷ ಗುಣವೊಂದಿದೆ. ಎರಡರ ವರ್ಗ 4, ಅದರ ವರ್ಗ 16, ಹೀಗೆ ಐದನೆಯ ವರ್ಗ 4294967296. ಇದರ ಘನವೇ ಮೇಲಿನ ಸಂಖ್ಯೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಸೀರೆಯನ್ನು ಒಮ್ಮೆ ಮಡಿಸಿದರೆ ಎರಡು ಪದರ, ಮತ್ತೊಮ್ಮೆ ಮಡಿಸಿದರೆ ನಾಲ್ಕು. ಕೈಯಲ್ಲಿ ಮಡಿಕೆ ಬೇಗನೆ ನಿಲ್ಲುತ್ತದೆ, ಲೆಕ್ಕದಲ್ಲಿ ನಿಲ್ಲದು. ಹತ್ತನೆಯ ಮಡಿಕೆಗೆ 1024 ಪದರ, ತೊಂಬತ್ತಾರನೆಯದಕ್ಕೆ ಈ ಮಹಾಸಂಖ್ಯೆ. ಹಿಮ್ಮುಖವಾಗಿ 96 ಸಲ ಅರ್ಧಿಸುತ್ತ ಬಂದರೆ ಉಳಿಯುವುದು ಒಂದೇ ಒಂದು. ಹೀಗೆ ಅರ್ಧಿಸುವ ಎಣಿಕೆಯನ್ನು ಜೈನ ಗಣಿತವು ಅರ್ಧಚ್ಛೇದವೆಂದು ಕರೆದಿದೆ. ಗಾಥೆಯ ಒಂದಂಕಿ ತಪ್ಪಿದರೂ ಲೆಕ್ಕ ಒಂದಕ್ಕೆ ಬಂದು ನಿಲ್ಲುವುದಿಲ್ಲ.

ಇಂದು ಭೂಮಿಯ ಮೇಲಿನ ಜನಸಂಖ್ಯೆ ಸುಮಾರು 800 ಕೋಟಿ. ಶಾಸ್ತ್ರವು ಎಣಿಸುವುದು ಎರಡೂವರೆ ದ್ವೀಪಗಳ ಮನುಷ್ಯಲೋಕವನ್ನು. ಇವೆರಡನ್ನು ತಾಳೆ ನೋಡಿ ವಾದಿಸುವುದರಲ್ಲಿ ಸಾರವಿಲ್ಲ. ಎಷ್ಟು ದೊಡ್ಡದಾದರೂ ಇದು ಸಂಖ್ಯಾತವೇ, ಎಣಿಕೆಗೆ ಸಿಗುವಂಥದೇ. ನಿಗೋದ ಜೀವಗಳಾದರೋ ಅನಂತ. ಅನಂತದ ಮುಂದೆ ಇಪ್ಪತ್ತೊಂಬತ್ತು ಅಂಕಿಗಳ ರಾಶಿ ಅತ್ಯಲ್ಪ. ಮನುಷ್ಯರು ಎಷ್ಟೊಂದು ಎಂದು ಬೆರಗಾಗಲಿಕ್ಕಲ್ಲ, ಎಷ್ಟು ಕಡಿಮೆ ಎಂದು ಎಚ್ಚರಗೊಳ್ಳಲಿಕ್ಕೆ ಆಚಾರ್ಯರು ಈ ಸಂಖ್ಯೆಯನ್ನು ಮುಂದಿಟ್ಟಂತಿದೆ.

ಕೇಶವವರ್ಣಿಗಳು 1359ರಲ್ಲಿಯೇ ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ಬರೆದರು. ತಿಳಿಯಬೇಕೆಂಬ ಕನ್ನಡಿಗರಿಗೆ ಬಾಗಿಲು ತೆರೆದೇ ಇದೆ. ಹೀಗಿರುವಾಗ ಗಾಥೆಯನ್ನು ಕಂಠಪಾಠ ಮಾಡಿಸಿ ಮುಂದೆ ಸಾಗುವುದು ಸಾಲದು. ಅರ್ಥವರಿಯದ ಪಾಠವು ನಾಲಗೆಯ ಮೇಲೆಯೇ ಉಳಿಯುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಶ್ರಾವಕರು ಚಾತುರ್ಮಾಸದ ಒಂದು ಸಂಜೆ ಮಕ್ಕಳ ಕೈಗೆ ಪಾಟಿ ಕೊಟ್ಟು ಈ ಸಂಖ್ಯೆಯನ್ನು ಅರ್ಧಿಸಲು ಹಚ್ಚಬೇಕು. ಭಾಗಾಕಾರ ಬಲ್ಲ ಯಾವ ಮಗುವಾದರೂ ಮಾಡಬಲ್ಲ ಕೆಲಸವಿದು, ಬೇಕಾದದ್ದು ತಾಳ್ಮೆಯೊಂದೇ. ಆ ತಾಳ್ಮೆಯೂ ಒಂದು ಬಗೆಯ ಸಾಮಾಯಿಕವೇ.

ಈ ರಾಶಿಯಿಂದ ಒಂದನ್ನು ಕಳೆದರೆ ಸಂಖ್ಯೆ ಬೆಸವಾಗುತ್ತದೆ, ಮೊದಲ ಸಲವೇ ಸಮನಾಗಿ ಒಡೆಯದು. ಅಷ್ಟು ದೊಡ್ಡ ಲೆಕ್ಕವೂ ಒಂದರ ಕೊರತೆಯಿಂದ ಕೆಡುತ್ತದೆ. ಪಾಟಿಯ ಮೇಲೆ ಕೊನೆಗೆ ಉಳಿಯುವ ಆ ಒಂದು ತನ್ನದೇ ಜನ್ಮವೆಂದು ಮಗುವಿಗೆ ಹೊಳೆದರೆ, ಅಂದಿನ ಸ್ವಾಧ್ಯಾಯ ಸಾರ್ಥಕ.