ನಾಯಿಯ ಕೆಂಪುಗಣ್ಣು: ಅಳತೆ ಮೊದಲು, ಔಷಧ ಆಮೇಲೆ

ಸಾಕಿದ ನಾಯಿಯ ಕಣ್ಣು ಕೆಂಪಗಾಗಿ ಗೀಜು ಕಟ್ಟಿತೆಂದರೆ, ‘ಕಣ್ಣು ಬಂದಿದೆ’ ಎಂದು ತೀರ್ಮಾನಿಸಿ, ಮನೆಯವರು ಬಳಸಿ ಉಳಿದ ಕಣ್ಣಿನ ಔಷಧವನ್ನು ಅದಕ್ಕೂ ಎರಡು ತೊಟ್ಟು ಹಾಕುವ ವಾಡಿಕೆ ನಮ್ಮಲ್ಲುಂಟು. ಉದ್ದೇಶವು ಕರುಣೆಯದೇ ಆದರೂ ಈ ವಾಡಿಕೆಯನ್ನು ಬಿಡತಕ್ಕದ್ದೆಂದು ನನ್ನ ಅಭಿಪ್ರಾಯ.

ಮನುಷ್ಯರಲ್ಲಿ ಕಣ್ಣುಬೇನೆಯು ಬಹುಮಟ್ಟಿಗೆ ಒಬ್ಬರಿಂದೊಬ್ಬರಿಗೆ ಹರಡುವ ಸೋಂಕು. ನಾಯಿಗಳಲ್ಲಾದರೋ ಬ್ಯಾಕ್ಟೀರಿಯಗಳು ಕಣ್ಣಿನಲ್ಲಿ ಬಲಿಯುವುದಕ್ಕೆ ಸಾಮಾನ್ಯವಾಗಿ ಬೇರೊಂದು ಮೂಲಕಾರಣವಿರುತ್ತದೆ: ಕಣ್ಣೀರಿನ ಕೊರತೆ, ಒಳಮುಖವಾಗಿ ಮಡಿಸಿದ ರೆಪ್ಪೆ, ರೆಪ್ಪೆಯಡಿ ಸಿಕ್ಕಿಕೊಂಡ ಹುಲ್ಲಿನ ಚೂರು. ಕಣ್ಣಿನೊಳಗಿನ ಒತ್ತಡವೇರುವ ಗ್ಲಾಕೋಮದಲ್ಲಿಯೂ ಕಣ್ಣು ಕೆಂಪಾಗುವುದು. ಬರಿಗಣ್ಣಿಗೆ ಇವೆಲ್ಲ ಒಂದೇ ಬಗೆಯಾಗಿ ಕಂಡಾವು.

ಇವನ್ನು ಬೇರ್ಪಡಿಸುವ ಉಪಾಯಗಳು ಸರಳವಾದುವು. 1903ರಲ್ಲಿ ಜರ್ಮನಿಯ ನೇತ್ರವೈದ್ಯ ಒಟ್ಟೊ ಷಿರ್ಮರ್ ಮನುಷ್ಯರಿಗಾಗಿ ರೂಪಿಸಿದ ಪರೀಕ್ಷೆಯೊಂದು ಇಂದು ಪಶುವೈದ್ಯದಲ್ಲಿಯೂ ಬಳಕೆಯಲ್ಲಿದೆ. ಹೀರುಕಾಗದದ ಪಟ್ಟಿಯೊಂದನ್ನು ನಾಯಿಯ ಕೆಳರೆಪ್ಪೆಗೆ ಸಿಕ್ಕಿಸಿ ಒಂದು ನಿಮಿಷ ಬಿಡುತ್ತಾರೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಕಾಗದದಲ್ಲಿ ಕಣ್ಣೀರು ಹರಿಯುತ್ತದೆ. 15 ಮಿಲಿಮೀಟರಾದರೂ ನೆನೆದರೆ ಸರಿ. 10ಕ್ಕಿಂತ ಕಡಿಮೆಯಾದರೆ ಕಣ್ಣು ಒಣಗಿದೆಯೆಂದು ಶಂಕಿಸಬೇಕು. ಅಂಥ ಕಣ್ಣಿಗೆ ಸೋಂಕಿನ ಔಷಧವೊಂದೇ ಸಾಲದು. ಕಣ್ಣೀರನ್ನು ಹೆಚ್ಚಿಸುವ ಸೈಕ್ಲೊಸ್ಪೋರಿನ್‌ನಂಥ ಔಷಧವನ್ನು ದೀರ್ಘಕಾಲ ಹಾಕಬೇಕಾಗುವುದು.

ಎರಡನೆಯದು ಫ್ಲೂರೆಸೀನ್ ಎಂಬ ಬಣ್ಣ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯ ಆರೋಗ್ಯವಾಗಿದ್ದರೆ ಈ ಬಣ್ಣ ಅಂಟದು; ಹುಣ್ಣಿದ್ದರೆ ಅಲ್ಲಿ ಅಂಟಿ, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವುದು. ಕಾರ್ನಿಯದ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಹುಣ್ಣಿರುವಾಗ ಸ್ಟಿರಾಯ್ಡ್ ಬೆರೆತ ಔಷಧ ಹಾಕಿದರೆ ಹುಣ್ಣು ಆಳಕ್ಕಿಳಿದು ಪೊರೆಯೇ ತೂತಾಗಬಹುದು. ಮನೆಯಲ್ಲಿ ಉಳಿದ ಸೀಸೆಯ ಅಪಾಯವಿರುವುದು ಇಲ್ಲಿಯೇ.

ಹಾಗಾದರೆ ಮನೆಯಲ್ಲಿ ಮಾಡಬಹುದಾದುದೇನು? ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಗೀಜನ್ನು ಮೃದುವಾಗಿ ಒರೆಸಬೇಕು. ಒಂದೊಂದು ಕಣ್ಣಿಗೂ ಬೇರೆ ಹತ್ತಿ ಇರಲಿ. ನಾಯಿ ಕಣ್ಣನ್ನು ಕೆರೆದುಕೊಳ್ಳದಂತೆ ನೋಡಿಕೊಂಡು ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಣ್ಣನ್ನು ತೆರೆಯಲಾರದಿದ್ದರೆ, ಅದರಲ್ಲಿ ಬಿಳಿಯ ಅಥವಾ ನೀಲಿಯ ಮಬ್ಬು ಕಂಡರೆ, ಪಾಪೆ ಹಿಗ್ಗಿದ್ದರೆ ಆ ದಿನವೇ ಹೊರಡಬೇಕು.

ನಾಯಿಯೊಂದಕ್ಕೆ ಇಷ್ಟೆಲ್ಲ ಏಕೆಂದು ಕೇಳುವವರುಂಟು. ನೋವು ಎಲ್ಲಿದೆಯೆಂದು ಮನುಷ್ಯನು ಬಾಯಿಬಿಟ್ಟು ಹೇಳಬಲ್ಲನು, ನಾಯಿ ಹೇಳಲಾರದು. ಆದ್ದರಿಂದಲೇ ಅದರ ವಿಷಯದಲ್ಲಿ ಅಳತೆಯ ಅಗತ್ಯ ಹೆಚ್ಚು. ಕಾಗದದ ಪಟ್ಟಿಯೂ ಬಣ್ಣವೂ ಹಳ್ಳಿಯ ಪಶುಚಿಕಿತ್ಸಾಲಯದಲ್ಲಿಯೂ ಇರತಕ್ಕವು. ಔಷಧದ ಚೀಟಿಯನ್ನು ಪಡೆಯುವ ಮೊದಲು, ‘ಕಣ್ಣೀರನ್ನು ಅಳೆದಿರಾ? ಹುಣ್ಣಿದೆಯೇ ಎಂದು ನೋಡಿದಿರಾ?’ ಎಂದು ವಿನಯದಿಂದ ಕೇಳುವುದು ನಾಯಿ ಸಾಕಿದವರ ಕರ್ತವ್ಯ.