ಹಳೇ ಗಾಡಿಯೋ, ಹೊಸ ಕಂತೋ?

ಮೊನ್ನೆ ಸಂಜೆ ಮುಳವಾಡದ ಒಂದು ಚಾದಂಗಡಿ ಮುಂದೆ ತಂದೆ-ಮಗನ ವಾದ ನಡೆದಿತ್ತು. ವಿಜಯಪುರದ ಬಸ್ಸಿಗೆ ಕಾದು ನಿಂತವರೆಲ್ಲ ಅದರಲ್ಲಿ ತಲೆ ಹಾಕಿದ್ದರು. ನಾವೂ ಹಾಕಿದೆವು. ತಂದೆಯದು 2007ರ ಮಾಡೆಲ್ಲಿನ ಆರು ಗಾಲಿಯ ಲಾರಿ. ಎರಡು ಸಲ ಇಂಜಿನ್ ಬಿಚ್ಚಿ ಮಾಡಿಸಿದ್ದಾರೆ, ಪಾಟಾ ಎಷ್ಟು ಸಲ ಬದಲಿಸಿದರೋ ಅವರಿಗೇ ನೆನಪಿಲ್ಲ. ಮಗ ಕಾಲೇಜು ಅರ್ಧಕ್ಕೆ ಬಿಟ್ಟು ಸ್ಟೇರಿಂಗ್ ಹಿಡಿದವನು.

"ಅಪ್ಪಾ, ಜಿ.ಎಸ್.ಟಿ. ಇಳದೈತಿ. ಈ ಡಬ್ಬಿ ಗುಜರಿಗೆ ಹಾಕಿ ಹೊಸಾದು ತರೋಣು."

"ಗುಜರಿಗೆ ಹಾಕಾಕ ಇದೇನ ತೂತು ಬಿದ್ದ ಬಕೀಟ ಏನೋ? ನಿಮ್ಮಕ್ಕನ ಲಗ್ನಾ ಮಾಡಿದ್ದು ಇದ ಗಾಡಿ."

ಇದು ಒಂದು ಮನೆಯ ಜಗಳವಲ್ಲ. ವಿಜಯಪುರದಿಂದ ಕೊಲ್ಹಾರದವರೆಗೆ ರಸ್ತೆ ಬದಿ ನಿಂತ ಹಳೇ ಲಾರಿಗಳ ಮಾಲಕರನ್ನು ಕೇಳಿ, ಒಂದು ಗಾಡಿಯ ಮೇಲೆ ಸಂಸಾರ ನಡೆಸುವವರೆಲ್ಲರಿಗೂ ಇದೇ ಚಿಂತೆ.

ಮಗನ ಮಾತಿನಲ್ಲಿ ಸುಳ್ಳಿಲ್ಲ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿಯಿತು. ಹೊಸ ಗಾಡಿಯ ಬ್ರೇಕು ಉತ್ತಮ, ಎ.ಬಿ.ಎಸ್. ಇರುತ್ತದೆ. ಕ್ಯಾಬಿನ್ನಿಗೆ ಏಸಿಯನ್ನೂ 2025ರಲ್ಲಿ ಕಡ್ಡಾಯ ಮಾಡಿದ್ದಾರೆ. ಮೇ ತಿಂಗಳ ಬಿಸಿಲಲ್ಲಿ ಇಂಜಿನ್ ಮಗ್ಗುಲಿಗೆ ಕೂತು ಸೊಲ್ಲಾಪುರ ಮುಟ್ಟಿದವರಿಗೇ ಗೊತ್ತು ಅದರ ಬೆಲೆ. ಡ್ರೈವರನ ಸುಖವನ್ನು ಷೋಕಿ ಎಂದು ನಗುವವರು ಒಂದು ಟ್ರಿಪ್ಪು ಹೋಗಿ ಬರಲಿ.

ಆದರೆ ಷೋರೂಮಿನವರು ಹೇಳುವ ಲೆಕ್ಕ ಬೇರೆ, ಮುಳವಾಡದ ಲೆಕ್ಕ ಬೇರೆ. ಚಾದಂಗಡಿಯ ಬೆಂಚಿನ ಮೇಲೆ ಹಾಕಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇವೆ. ಸಾಲ 24 ಲಕ್ಷ, ಬಡ್ಡಿ ನೂರಕ್ಕೆ 11, ಮುದ್ದತು 5 ವರ್ಷ ಅಂತ ಹಿಡಿಯಿರಿ. ತಿಂಗಳ ಕಂತು 52 ಸಾವಿರ ರೂಪಾಯಿಗೆ ಬರುತ್ತದೆ. ವರ್ಷಕ್ಕೆ ಆರೂಕಾಲು ಲಕ್ಷ. ಗಾಡಿ ಹನ್ನೆರಡೂ ತಿಂಗಳು ಓಡಿದರೆ ಇದು ಸರಿ. ಎಂಟೇ ತಿಂಗಳು ಓಡಿದರೆ? ಓಡಿದ ಒಂದೊಂದು ತಿಂಗಳ ತಲೆಯ ಮೇಲೆ 78 ಸಾವಿರ ಬೀಳುತ್ತದೆ.

ನಮ್ಮ ಕಡೆ ಗಾಡಿ ಓಡುವುದು ಬೆಳೆಯ ಹಿಂದೆ. ಉಳ್ಳಾಗಡ್ಡಿ ಕಿತ್ತಾಗ ಒಂದು ಓಟ, ತೊಗರಿ ರಾಶಿಯಾದಾಗ ಒಂದು ಓಟ, ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು. ಕೃಷ್ಣಾ ಮೇಲ್ದಂಡೆಯ ಮುಳವಾಡ ಏತ ನೀರಾವರಿಯಿಂದ ಆಲಮಟ್ಟಿ ಹಿನ್ನೀರು ಎರಿ ಹೊಲಕ್ಕೆ ಹತ್ತಿದ ಮೇಲೆ ಮಾಲು ಹೆಚ್ಚಾಗಿದೆ, ಅಲ್ಲ ಅನ್ನುವುದಿಲ್ಲ. ಆದರೂ ಮಳೆಗಾಲದಲ್ಲಿ ಲಾರಿಗಳು ಬೇವಿನ ಗಿಡದ ಕೆಳಗೆ ನಿಂತು ಕ್ಲೀನರ್ ಹುಡುಗರು ಇಸ್ಪೀಟು ಆಡುವುದು ತಪ್ಪಿಲ್ಲ. ನಿಂತ ಹಳೇ ಗಾಡಿ ಮೇವು ಕೇಳುವುದಿಲ್ಲ. ನಿಂತ ಹೊಸ ಗಾಡಿ ತಿಂಗಳ ಐದನೇ ತಾರೀಖಿಗೆ ಕಂತು ಕೇಳುತ್ತದೆ.

ಇನ್ನು ಡೀಸೆಲ್ಲು. ಹಳೇದು ಲೀಟರಿಗೆ 4 ಕಿಲೋಮೀಟರ್, ಹೊಸದು 5 ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಲೀಟರಿಗೆ 90 ರೂಪಾಯಿ. ವರ್ಷಕ್ಕೆ 30 ಸಾವಿರ ಕಿಲೋಮೀಟರ್ ಓಡಿದರೆ ಉಳಿತಾಯ 1 ಲಕ್ಷ 35 ಸಾವಿರ. ಇದರಿಂದ ಮೂರು ಕಂತೂ ಹುಟ್ಟುವುದಿಲ್ಲ. 90 ಸಾವಿರ ಕಿಲೋಮೀಟರ್ ಓಡಿದರೆ 4 ಲಕ್ಷ ಮೀರುತ್ತದೆ. ಅದರ ಮೇಲೆ ಹಳೇ ಗಾಡಿಗೆ ವರ್ಷಕ್ಕೆ ತಿನ್ನಿಸುವ ಎರಡು ಲಕ್ಷದ ರಿಪೇರಿಯೂ ಉಳಿದರೆ ಕಂತು ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಹಾಗಾದರೆ ಕೇಳಬೇಕಾದ್ದು ಗಾಡಿಯ ವಯಸ್ಸನ್ನಲ್ಲ, ವರ್ಷಕ್ಕೆ ಎಷ್ಟು ಓಡುತ್ತದೆ ಅನ್ನುವುದನ್ನು. ಬೆಂಗಳೂರಿಗೆ ಕಾಯಂ ಲೋಡು ಇದ್ದವನು ಹೊಸದು ತರಲಿ. ಹೊಲದಿಂದ ವಿಜಯಪುರದ ಎ.ಪಿ.ಎಂ.ಸಿ.ಗೆ ಹೊಡೆಯುವವನು ಯಾಕೆ ತರಬೇಕು?

ಮಿಸ್ತ್ರಿಗಳ ಮಾತನ್ನೂ ಹೇಳಿಬಿಡಬೇಕು. ಹಳೇ ಇಂಜಿನ್ ದಾರಿಯಲ್ಲಿ ಕೆಟ್ಟರೆ ಪಾನಾ, ತಂತಿ, ಒಂದಿಷ್ಟು ಬೈಗುಳದಿಂದ ಊರು ಮುಟ್ಟುತ್ತಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಗಾಡಿಗೆ ಡೀಸೆಲ್ಲಿನ ಜೊತೆ ಯೂರಿಯಾ ನೀರೂ ಹಾಕಬೇಕು. ಅದು ಖಾಲಿಯಾದರೆ ಇಂಜಿನ್ ದಮ್ಮು ಕಳೆದುಕೊಂಡು ತೆವಳುತ್ತದೆ. ಸೆನ್ಸಾರ್ ದೀಪ ಹತ್ತಿದರೆ ಲ್ಯಾಪ್‌ಟಾಪ್ ಹಿಡಿದವನು ಬರುವತನಕ ಉಳ್ಳಾಗಡ್ಡಿ ಚೀಲದಲ್ಲೇ ಕೊಳೆಯಬೇಕು. ಹೊಗೆ ಕಡಿಮೆಯಾಗಿದೆ, ಅದು ಎಲ್ಲರಿಗೂ ಒಳ್ಳೆಯದೇ. ಆದರೆ ಆ ಯಂತ್ರ ಬಿಚ್ಚಲು ನಮ್ಮ ಹುಡುಗರಿಗೆ ಕಲಿಸಿದವರು ಯಾರು?

ಸರ್ಕಾರ ಮಾತ್ರ ವರ್ಷವನ್ನೇ ಎಣಿಸುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಲ್ಲಿ 15 ವರ್ಷ ದಾಟಿದ ಭಾರಿ ಗಾಡಿಯ ಪಾಸಿಂಗ್ ನವೀಕರಣಕ್ಕೆ 12,500 ರೂಪಾಯಿ ಅಂದರು. 2025ರ ನವೆಂಬರಿನ ತಿದ್ದುಪಡಿಯಲ್ಲಿ 20 ದಾಟಿದ್ದಕ್ಕೆ 25,000 ಅಂದರು. ನಮ್ಮ ಚಾದಂಗಡಿಯ ಲಾರಿ ಈಗ ಆ 20ರ ಹೊಸ್ತಿಲಲ್ಲೇ ನಿಂತಿದೆ. ಎಂಟು ವರ್ಷ ದಾಟಿದ ಗಾಡಿಗೆ ವರ್ಷವರ್ಷವೂ ಪಾಸಿಂಗ್ ಆಗಬೇಕು, ಅದು ಇರಲಿ, ಬೇಕೇ ಬೇಕು. ಆದರೆ ವರ್ಷಕ್ಕೆ 25 ಸಾವಿರ ಕಿಲೋಮೀಟರ್ ಓಡಿದ ಗಾಡಿಗೂ ಲಕ್ಷ ಕಿಲೋಮೀಟರ್ ಓಡಿದ ಗಾಡಿಗೂ ಒಂದೇ ಫೀಜು ಯಾವ ನ್ಯಾಯ? ಗುಜರಿಗೆ ಹಾಕಿದ ಸರ್ಟಿಫಿಕೇಟು ತಂದರೆ ಹೊಸ ಸರಕು ಗಾಡಿಯ ತೆರಿಗೆಯಲ್ಲಿ ನೂರಕ್ಕೆ 15ರವರೆಗೆ ರಿಯಾಯಿತಿ ಕೊಡಬಹುದು ಅಂತಲೂ ನಿಯಮದಲ್ಲಿದೆ. ರಿಯಾಯಿತಿ ಇರುವುದು ಹೊಸದು ಕೊಳ್ಳುವವನಿಗೆ. ಕೊಳ್ಳಲಾಗದವನಿಗೆ ಇರುವುದು ಫೀಜು. ಸಾಲದ್ದಕ್ಕೆ 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆಯನ್ನು 18.44ರಿಂದ 21.17ಕ್ಕೆ ಏರಿಸಿತು. ಲಾರಿ ಮಾಲಕರು ಅದೇ ತಿಂಗಳು ಮುಷ್ಕರ ಹೂಡಿದ್ದನ್ನು ಓದುಗರು ಮರೆತಿರಲಾರರು.

ಇಷ್ಟು ಹೇಳಿದೆವೆಂದು ಹಳೇ ಗಾಡಿಯ ಮಾಲಕರು ಹಿಗ್ಗಬೇಕಿಲ್ಲ. ಅವರಿಗೂ ಮಾತಿದೆ. ಪಾಸಿಂಗ್ ದಿವಸ ಯಾರದೋ ಒಳ್ಳೆ ಟಯರು ಇಸಿದುಕೊಂಡು ಹಾಕಿ, ಸಂಜೆಗೆ ಬಿಚ್ಚಿ ಮತ್ತೆ ಬೋಳು ಟಯರು ಹಾಕುವುದು ಯಾರಿಗೆ ಗೊತ್ತಿಲ್ಲ? ಹಿಂದಿನ ಲೈಟಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಪಾಟಾ ಮುರಿದರೆ ಹೆದ್ದಾರಿ ಮೇಲೇ ನಿಲ್ಲಿಸಿ ಹಿಂದೆ ನಾಲ್ಕು ಕಲ್ಲು, ಒಂದು ಜಾಲಿ ಟೊಂಗೆ. ರಿಪೇರಿ ಆದ ಮೇಲೆ ಲಾರಿ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತದೆ. ರಾತ್ರಿ ಕೊನೇ ಬಸ್ಸಿನಲ್ಲಿ ಬರುವವರ ಜೀವ ಆ ಕಲ್ಲಿನ ಮೇಲೆ! ಸರ್ಕಾರ ತನ್ನ ಬಸ್ಸುಗಳೂ ಸೇರಿ 15 ವರ್ಷ ದಾಟಿದ ಸ್ವಂತ ವಾಹನಗಳನ್ನು 2023ರ ಏಪ್ರಿಲ್‌ನಿಂದ ರಸ್ತೆಯಿಂದ ಇಳಿಸಲು ನಿಯಮ ಮಾಡಿಕೊಂಡಿತು. ಬಸ್ಸು ಹೊಸದಾದರೇನು, ಎದುರಿಗೆ ಬರುವ ಲಾರಿಗೆ ಬ್ರೇಕು ಬೇಕಲ್ಲ. ಹಳೇ ಗಾಡಿ ಇಟ್ಟುಕೊಳ್ಳುವ ಹಕ್ಕು ಕೇಳುವವರು ಬ್ರೇಕು, ಟಯರು, ಲೈಟು ಈ ಮೂರರಲ್ಲಿ ಉದ್ರಿ ಹೇಳಬಾರದು.

ಹೊಸ ಗಾಡಿಯವರೂ ಸಾಧುಗಳಲ್ಲ. ಕಂತಿನ ತಾರೀಖು ಹತ್ತಿರ ಬಂದಾಗ ಓವರ್‌ಲೋಡು ಹೇರುವವರು, ಎರಡು ರಾತ್ರಿ ನಿದ್ದೆಗೆಟ್ಟು ಓಡಿಸುವವರು ಇವರೇ. ಎ.ಬಿ.ಎಸ್. ಬ್ರೇಕು ಡ್ರೈವರನ ನಿದ್ದೆಯನ್ನು ತಡೆಯುವುದಿಲ್ಲ. ಅಂಗಡಿಕಾರರೇ, ಬಾಡಿಗೆ ಇಳಿಸು ಇಳಿಸು ಎಂದು ಜಗ್ಗಾಡುವಾಗ ಇದನ್ನೂ ಸ್ವಲ್ಪ ನೆನೆಯಿರಿ. ನಿಮ್ಮ ಸಕ್ಕರೆ ಚೀಲ ತಂದ ಗಾಡಿಯೇ ನಿಮ್ಮ ಮಗಳು ಕೂತ ಬಸ್ಸಿನ ಎದುರಿಗೂ ಬರುತ್ತದೆ.

ಬೆಂಚಿನ ಮೇಲಿದ್ದ ಹಿರಿಯ ಮಿಸ್ತ್ರಿಯೊಬ್ಬರು ಮೂರನೇ ದಾರಿ ಹೇಳಿದರು. "ಸಾವ್ಕಾರ್ರ, ಹೊಸಾದೂ ಬ್ಯಾಡ, ಇದೂ ಬ್ಯಾಡ. ಆರೇಳು ವರ್ಷದ್ದೊಂದು ನೋಡ್ರಿ. ಕಂತು ಅರ್ಧಕ್ಕ ಇಳೀತೈತಿ." ಮಾತು ನಮಗೂ ಸರಿ ಕಂಡಿತು. ಆದರೆ ಬಣ್ಣ ನೋಡಿ ರೊಕ್ಕ ಎಣಿಸಬಾರದು. ಮೊದಲಿನ ಸಾಲ ತೀರಿ ಆರ್.ಸಿ.ಯಲ್ಲಿ ಫೈನಾನ್ಸಿನವರ ಹೆಸರು ಹೋಗಿದೆಯೋ, ತೆರಿಗೆ, ದಂಡ ಬಾಕಿ ಇದೆಯೋ, ಚಾಸಿಗೆ ಬೆಸುಗೆ ಬಿದ್ದಿದೆಯೋ ಎಲ್ಲ ನೋಡಬೇಕು. ಗಾಡಿಯನ್ನು ಖಾಲಿ ಓಡಿಸಿ ನೋಡಿದರೆ ಸಾಲದು, ಲೋಡು ಹಾಕಿಯೇ ಓಡಿಸಬೇಕು.

ಕಷ್ಟವೆಂದರೆ ಹಳೇ ಗಾಡಿಗೆ ಸಾಲ ಕೇಳಿದರೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಆಮೇಲೆ ಉಳಿಯುವುದು ಖಾಸಗಿ ಫೈನಾನ್ಸು, ಅದರ ಬಡ್ಡಿ ಬೇರೆಯೇ ಕಥೆ. ಜಿಲ್ಲೆಯಲ್ಲಿ ಸಹಕಾರಿ ಸಂಘಗಳಿಗೆ ಬರಗಾಲವಿಲ್ಲ. ಬಂಗಾರ ಒತ್ತೆ ಇಟ್ಟುಕೊಂಡು ಸಾಲ ಕೊಡುವ ಈ ಸಂಘಗಳು ಪಾಸಿಂಗ್ ಆದ ಸೆಕೆಂಡ್ ಹ್ಯಾಂಡ್ ಲಾರಿಗೆ ನ್ಯಾಯವಾದ ಬಡ್ಡಿಯಲ್ಲಿ ಸಾಲ ಕೊಡಬಾರದೇಕೆ? ಕಂತನ್ನು ತಿಂಗಳಿಗೆ ಕಟ್ಟದೆ ಸುಗ್ಗಿಗೆ ಕಟ್ಟುವ ಹಾಗೆ ಮಾಡಬಾರದೇಕೆ? ರೈತನ ಸಾಲಕ್ಕೆ ಹಂಗಾಮಿನ ಲೆಕ್ಕವಿದೆ, ಅವನ ಮಾಲು ಹೊರುವ ಲಾರಿಗೆ ಯಾಕಿಲ್ಲ? ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಬೇಕು.

ಬಸ್ಸು ಬರುವ ಹೊತ್ತಿಗೆ ತಂದೆ ಲಾರಿಯ ಡ್ಯಾಷ್‌ಬೋರ್ಡಿನಿಂದ ಎಣ್ಣೆ ಹತ್ತಿದ ಒಂದು ಡೈರಿ ತೆಗೆದಿದ್ದರು. ಹೋದ ವರ್ಷ ಯಾವ ದಿವಸ ಎಲ್ಲಿಗೆ ಲೋಡು ಎಂದು ಎಲ್ಲ ಅದರಲ್ಲಿ ಬರೆದಿದೆ. ಮಗ ಮೊಬೈಲಿನಲ್ಲಿ ಕೂಡಿಸುತ್ತಿದ್ದ. ಜೂನ್ ತಿಂಗಳ ಪುಟ ಖಾಲಿ ಇತ್ತು, ಜುಲೈಯದೂ.