ಮಳೆಗಾಲಕ್ಕೆ ಮುನ್ನ ಹಳೆಯ ಜಾವಾ

ಹಳೆಯ ಕಾರುಗಳನ್ನು ಮಕ್ಕಳಿಗೆ ತೋರಿಸಲು ಧರ್ಮಸ್ಥಳದ ಕಾರು ಸಂಗ್ರಹಾಲಯವಿದೆ. ಆದರೆ ಅಲ್ಲಿ ಸ್ಪ್ಯಾನರ್ ಹಿಡಿಯುವಂತಿಲ್ಲ! ಮನೆಯಲ್ಲೇ ಬಿಚ್ಚಿ ನೋಡಬಹುದಾದ ಹಳೆಯ ವಾಹನವೆಂದರೆ ಅಜ್ಜನ ಕಾಲದ ಜಾವಾ ಮೋಟಾರ್ ಸೈಕಲ್. ಕಡಿಯಾಳಿಯಂಥ ಊರಿನ ಜಗಲಿಯ ಬದಿಯಲ್ಲಿ ಅಂಥದೊಂದು ನಿಂತಿದ್ದರೆ ಹೈಸ್ಕೂಲಿನ ಅರ್ಧ ವಿಜ್ಞಾನ ಪುಸ್ತಕವೇ ಮನೆಯಲ್ಲಿದ್ದಂತೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಈ ಗಾಡಿಗಳನ್ನು ತಯಾರಿಸತೊಡಗಿತು. ಮುಂದೆ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಗಾಡಿ ಮತ್ತೆ ಬಂದರೂ ಅದರದ್ದು ಫೋರ್ ಸ್ಟ್ರೋಕ್ ಎಂಜಿನ್. ಅದರ ಬಿಡಿಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಆದ್ದರಿಂದ ಇರುವುದನ್ನೇ ಕಾಪಾಡಿಕೊಳ್ಳಬೇಕು.

ಮೊದಲು ಪ್ಲಗ್ ಬಿಚ್ಚಿ ಅದರ ತುದಿಯನ್ನು ನೋಡಿ. ಕಾಫಿಪುಡಿಯ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪಾಗಿ ಜಿಡ್ಡಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ. ಬಿಳಚಿಕೊಂಡಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಆಮೇಲೆ ಕಾಂಟ್ಯಾಕ್ಟ್ ಪಾಯಿಂಟ್. ಇದು ತೆರೆದಾಗ ಕಾಯಿಲ್‌ನಲ್ಲಿ ವಿದ್ಯುತ್ ಪ್ರವಾಹ ತಟ್ಟನೆ ನಿಂತು, ಬ್ಯಾಟರಿಯ 6 ವೋಲ್ಟ್ ಸಾವಿರಾರು ವೋಲ್ಟ್‌ಗಳಾಗಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಫ್ಯಾರಡೆ 1831ರಲ್ಲಿ ಕಂಡ ನಿಯಮವೇ ಇದು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚುತ್ತದೆ, ಸವೆಯದೆ ಇದ್ದೀತೇ? ಅಂತರ ಸುಮಾರು 0.4 ಮಿ.ಮೀ. ಇರಬೇಕು. ಕಣ್ಣಂದಾಜು ಬೇಡ, ಫೀಲರ್ ಗೇಜ್ ಹಾಕಿಯೇ ನೋಡಿ.

ಇಷ್ಟು ಕೆಲಸ ಎಲ್ಲ ಊರಿನಲ್ಲೂ ಒಂದೇ. ಕರಾವಳಿಯವರಿಗೆ ನಿಜವಾದ ಚಿಂತೆ ಜೂನ್‌ನಿಂದ ಶುರು. ಮಲ್ಪೆಯ ಕಡಲು ಕಡಿಯಾಳಿಗೆ ದೂರವಿಲ್ಲ. ಕಬ್ಬಿಣ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು; ಉಪ್ಪು ಸೇರಿದರೆ ಆ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಟ್ಟು ಕೆಲಸ ಬೇಗ ಮುಗಿಸುತ್ತದೆ. ಮಳೆಗಾಲದಲ್ಲಿ ಓಡಿಸದೆ ನಿಲ್ಲಿಸಿದರೆ ಗಾಡಿ ಉಳಿಯುತ್ತದೆಂದು ಹಲವರ ಎಣಿಕೆ. ವಾಸ್ತವದಲ್ಲಿ ಓಡಿದ ಗಾಡಿಗಿಂತ ನಿಂತ ಗಾಡಿಯೇ ಬೇಗ ಕೆಡುತ್ತದೆ.

ನಿಲ್ಲಿಸಲೇಬೇಕಾದರೆ ಟ್ಯಾಂಕು ತುಂಬಿಸಿಡಿ ಎನ್ನುತ್ತಿದ್ದರು ಹಿಂದಿನ ಮೆಕ್ಯಾನಿಕರು. ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲದಿದ್ದರೆ ತೇವ ಕಟ್ಟುವುದಿಲ್ಲ. ಆ ಕಾಲಕ್ಕೆ ಮಾತು ಸರಿಯೇ. ಆದರೆ 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ಮೀರಿದೊಡನೆ ಎಥನಾಲ್ ಪೆಟ್ರೋಲನ್ನು ಬಿಟ್ಟು, ನೀರಿನ ಜತೆಗೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ, ಹತ್ತಿರದಲ್ಲೆಲ್ಲೂ ಬೆಂಕಿಯಿಲ್ಲದಂತೆ ನೋಡಿಕೊಂಡು, ಅಧ್ಯಾಪಕರು ಇದನ್ನು ತೋರಿಸಬಹುದು. ಅಳತೆಯ ಜಾಡಿಯಲ್ಲಿ 80 ಮಿ.ಲೀ. ಪೆಟ್ರೋಲಿಗೆ 20 ಮಿ.ಲೀ. ನೀರು ಸೇರಿಸಿ ಕುಲುಕಿ ಇಟ್ಟರೆ, ಕೆಳಗಿನ ಪದರ 20 ಅಲ್ಲ, ಸುಮಾರು 35 ಮಿ.ಲೀ. ಇರುತ್ತದೆ.

ಜಾವಾಕ್ಕೆ ಇದರಿಂದ ಎರಡು ಪೆಟ್ಟು. ಉಕ್ಕಿನ ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಟೂ ಸ್ಟ್ರೋಕ್ ಎಂಜಿನ್ನಿಗೆ ಜಾರೆಣ್ಣೆ ಸಿಗುವುದು ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯಿಂದ. ಆ ಎಣ್ಣೆ ಮೇಲಿನ ಪೆಟ್ರೋಲಿನ ಪದರದಲ್ಲೇ ಉಳಿಯುತ್ತದೆ. ಕೊಳವೆಗೆ ಮೊದಲು ಇಳಿಯುವುದು ಎಣ್ಣೆಯಿಲ್ಲದ ತಳದ ನೀರು. ಹಾಗೆಯೇ ಓಡಿಸಿದರೆ ಪಿಸ್ಟನ್ ಕಚ್ಚಿ ನಿಂತೀತು. ಅದೃಷ್ಟವಿದ್ದರೆ ಎಂಜಿನ್ ಶುರುವೇ ಆಗುವುದಿಲ್ಲ.

ಆದ್ದರಿಂದ ಈಗ ಮೇ ತಿಂಗಳಲ್ಲೇ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಪೂರ್ತಿ ಬರಿದು ಮಾಡಿ, ಟ್ಯಾಂಕಿನ ಒಳಮೈಗೆಲ್ಲ ಎಂಜಿನ್ ಎಣ್ಣೆ ತಾಗುವಂತೆ ಅಲ್ಲಾಡಿಸಿಡುವುದು ಮೇಲು. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ನಾಲ್ಕು ಸಲ ಮೆಲ್ಲನೆ ಕಿಕ್ ತುಳಿಯಿರಿ. ಬ್ಯಾಟರಿ ಕಳಚಿಡಿ. ಸರಪಳಿಯ ಚಿಂತೆ ಕಡಿಮೆ. ಜಾವಾದ ಸರಪಳಿ ಪೂರ್ತಿ ಮುಚ್ಚಿದ ಕವಚದೊಳಗಿದೆ. ಕಟ್ಟಿದವರು ತಲೆಯುಳ್ಳವರು!

ಬ್ರೇಕನ್ನು ಮಾತ್ರ ಹುಡುಗರ ಕೈಗೆ ಬಿಡದೆ ಹಿರಿಯರು ತಾವೇ ನೋಡಬೇಕು. ಮಳೆ ಬಿಟ್ಟ ಮೇಲೆ ಹೊಸ ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ಬೆರೆಸಿ ಹಾಕಿ. ಗಾಡಿಯನ್ನು ಅಂಗಳಕ್ಕೆ ತಂದೇ ಕಿಕ್ ಹೊಡೆಯಿರಿ. ಮುಚ್ಚಿದ ಕೋಣೆಯಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಮೂಗಿಗೂ ತಿಳಿಯದು, ಕಣ್ಣಿಗೂ ಕಾಣದು.